ಮೊದಲ ಕೇಳ್ಮೆಯ ತೀರ್ಪು

1967ರ ಜೂನ್ 18ರ ಭಾನುವಾರ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಒಂದು ಹೊಸ ಧ್ವನಿಮುದ್ರಿಕೆಯ ವಿಮರ್ಶೆ ಪ್ರಕಟವಾಯಿತು. ಬರೆದವರು ರಿಚರ್ಡ್ ಗೋಲ್ಡ್‌ಸ್ಟೀನ್ ಎಂಬ ತರುಣ. ವಿಮರ್ಶೆಗೆ ಒಳಗಾದದ್ದು ಬೀಟಲ್ಸ್ ತಂಡದ ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’. ಅದು ಅಮೆರಿಕದ ಅಂಗಡಿಗಳಿಗೆ ಬಂದು ಇನ್ನೂ ಮೂರು ವಾರ ತುಂಬಿರಲಿಲ್ಲ. ಅಷ್ಟರಲ್ಲೇ ಅದರ ಕೀರ್ತಿ ಮುಗಿಲು ಮುಟ್ಟಿತ್ತು. ಇದು ಪಾಶ್ಚಾತ್ಯ ನಾಗರಿಕತೆಯ ಇತಿಹಾಸದಲ್ಲೇ ಒಂದು ನಿರ್ಣಾಯಕ ಗಳಿಗೆ ಎಂಬರ್ಥದ ಮಾತು ಲಂಡನ್ನಿನ ಖ್ಯಾತ ನಾಟಕ ವಿಮರ್ಶಕ ಕೆನೆತ್ ಟೈನನ್ ಅವರದು. ಗೋಲ್ಡ್‌ಸ್ಟೀನ್ ಮಾತ್ರ ಈ ಆಲ್ಬಮ್ಮನ್ನು ಅತಿ ಮುದ್ದಿನಿಂದ ಕೆಟ್ಟುಹೋದ ಮಗುವಿಗೆ ಹೋಲಿಸಿದರು. ಸ್ಟುಡಿಯೊದ ಚಮತ್ಕಾರಗಳು ಹೆಚ್ಚಾಗಿ ಹಾಡಿನ ಹುರುಳು ಕಡಿಮೆಯಾಗಿದೆ ಎಂಬುದು ಅವರ ದೂರು. ಕೊನೆಯ ಹಾಡೊಂದನ್ನು ಮಾತ್ರ ಮನಸಾರೆ ಮೆಚ್ಚಿದ್ದರು.

ಓದುಗರು ಕೆರಳಿದರು. ಪತ್ರಿಕೆಗೆ ಪ್ರತಿಭಟನೆಯ ಪತ್ರಗಳು ರಾಶಿರಾಶಿಯಾಗಿ ಬಂದವು. ಆ ಕಾಲದಲ್ಲಿ ತಮ್ಮ ಸ್ಟೀರಿಯೊದ ಒಂದು ಸ್ಪೀಕರ್ ಕೆಟ್ಟಿತ್ತೆಂದು ಗೋಲ್ಡ್‌ಸ್ಟೀನ್ ಎಷ್ಟೋ ವರ್ಷಗಳ ಅನಂತರ ಹೇಳಿಕೊಂಡದ್ದೂ ಉಂಟು. ಅಲ್ಲಿಂದ ಇಲ್ಲಿಯವರೆಗೆ, ವಿಮರ್ಶಕರು ಎಷ್ಟು ದೊಡ್ಡ ತಪ್ಪು ಮಾಡಬಲ್ಲರು ಎಂಬುದಕ್ಕೆ ಈ ಬರಹವನ್ನು ಉದಾಹರಿಸುವುದು ವಾಡಿಕೆಯಾಗಿದೆ. ಆದರೆ ಅದು ನಿಜಕ್ಕೂ ತಪ್ಪೇ? ಹೊಸ ಪಾಪ್ ಅಥವಾ ರಾಕ್ ಆಲ್ಬಮ್ ಹೊರಬಂದ ಕೂಡಲೇ ಬರೆಯುವ ವಿಮರ್ಶೆಯಿಂದ ನಾವು ಏನನ್ನು ನಿರೀಕ್ಷಿಸಬೇಕು? ಈ ಪ್ರಶ್ನೆಗೆ ಉತ್ತರ ಹುಡುಕಲು ಆ ವಿಮರ್ಶೆ ಎಂಬ ಕಸುಬು ಹುಟ್ಟಿ ಬೆಳೆದ ಬಗೆಯನ್ನು ಸ್ವಲ್ಪ ನೋಡಬೇಕು.

ಕಸುಬು ಹುಟ್ಟಿದ ಬಗೆ

ಸಂಗೀತ ಕಚೇರಿಗಳ ವಿಮರ್ಶೆಯನ್ನು ಪತ್ರಿಕೆಗಳಲ್ಲಿ ಓದುವುದು ಕನ್ನಡಿಗರಿಗೆ ಹೊಸದಲ್ಲ. ಕಚೇರಿಯ ವಿಮರ್ಶೆ ಅಚ್ಚಾಗುವ ಹೊತ್ತಿಗೆ ಕಚೇರಿ ಮುಗಿದು ಹೋಗಿರುತ್ತದೆ. ವಿಮರ್ಶಕ ಹೇಳಿದ್ದು ಸರಿಯೋ ತಪ್ಪೋ ಎಂದು ತಾಳೆ ನೋಡಲು ಓದುಗನಿಗೆ ದಾರಿಯಿಲ್ಲ. ಆಲ್ಬಮ್ಮಿನ ಮಾತು ಬೇರೆ. ಅದು ಅಂಗಡಿಯಲ್ಲಿ ಸಿಗುವ ವಸ್ತು. ವಿಮರ್ಶಕನ ಕಿವಿಗೆ ಬಿದ್ದ ನಾದವೇ ಓದುಗನ ಕಿವಿಗೂ ಬೀಳುತ್ತದೆ. ಇಂದು ಮಾತ್ರವಲ್ಲ, ಐವತ್ತು ವರ್ಷಗಳ ಅನಂತರವೂ ಬೀಳುತ್ತದೆ. ಹೀಗಾಗಿ ಆಲ್ಬಮ್ ವಿಮರ್ಶಕ ತನ್ನ ತೀರ್ಪಿನಿಂದ ಎಂದಿಗೂ ತಪ್ಪಿಸಿಕೊಳ್ಳಲಾರ.

ಅಮೆರಿಕದ ಕೊಲಂಬಿಯಾ ಕಂಪೆನಿ 1948ರಲ್ಲಿ ಎಲ್.ಪಿ. ತಟ್ಟೆಯನ್ನು ಬಳಕೆಗೆ ತಂದಿತು. ಒಂದೊಂದು ಬದಿಯಲ್ಲೂ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಸಂಗೀತ ಹಿಡಿಸುವ ತಟ್ಟೆ ಇದು. ಆದರೂ ಬಹುಕಾಲ ಪಾಪ್ ಸಂಗೀತ ನಡೆದದ್ದು ಒಂದೊಂದೇ ಹಾಡಿನ ಸಣ್ಣ ತಟ್ಟೆಗಳ ಮೇಲೆ. ಅವುಗಳ ಬಗ್ಗೆ ವೃತ್ತಿಪತ್ರಿಕೆಗಳು ಬರೆಯುತ್ತಿದ್ದ ನಾಲ್ಕು ಸಾಲುಗಳು ಹೆಚ್ಚಾಗಿ ಯಾವುದು ಮಾರಾಟವಾದೀತು ಎಂಬ ಅಂದಾಜುಗಳಾಗಿರುತ್ತಿದ್ದವು. ಇದು ಗಂಭೀರ ಚರ್ಚೆಗೆ ತಕ್ಕ ಕಲೆ ಎಂದು ಬಗೆದವರು ವಿರಳ. 1963ರ ಡಿಸೆಂಬರ್ 27ರಂದು ಲಂಡನ್ನಿನ ‘ಟೈಮ್ಸ್’ ಪತ್ರಿಕೆಯ ಸಂಗೀತ ವಿಮರ್ಶಕ ವಿಲಿಯಂ ಮನ್ ಬೀಟಲ್ಸ್ ಹಾಡುಗಳನ್ನು ಶಾಸ್ತ್ರೀಯ ಸಂಗೀತದ ಪರಿಭಾಷೆಯಲ್ಲಿ ವಿವರಿಸಿ ಹೊಗಳಿದರು. ಒಂದು ಹಾಡಿನ ಕೊನೆಯಲ್ಲಿ ‘ಇಯೋಲಿಯನ್ ಕೇಡೆನ್ಸ್’ ಎಂಬ ಸ್ವರವಿನ್ಯಾಸವಿದೆ ಎಂದರು. ಅದು ಏನೆಂದು ಆ ಹಾಡು ಕಟ್ಟಿದ ಜಾನ್ ಲೆನನ್‌ಗೇ ತಿಳಿದಿರಲಿಲ್ಲ. ಯಾವುದೋ ಅಪರೂಪದ ಹಕ್ಕಿಗಳ ಹೆಸರಿನಂತೆ ಕೇಳುತ್ತದೆ ಎಂದು ಮುಂದೆ ಲೆನನ್ ನಗೆಯಾಡಿದರು. ಹೊಸ ಸಂಗೀತಕ್ಕೆ ಹಳೆಯ ಮಾತು ಒಗ್ಗುತ್ತಿರಲಿಲ್ಲ ಎಂಬುದು ಇದರಿಂದ ಸ್ಪಷ್ಟ.

ಹೊಸ ಮಾತನ್ನು ಹುಡುಕಿದವರು ಹುಡುಗರು. 1966ರಲ್ಲಿ ಪಾಲ್ ವಿಲಿಯಮ್ಸ್ ಎಂಬ ಹದಿನೇಳರ ಕಾಲೇಜು ವಿದ್ಯಾರ್ಥಿ ‘ಕ್ರಾಡ್ಯಾಡಿ’ ಎಂಬ ಪತ್ರಿಕೆಯನ್ನು ಆರಂಭಿಸಿದರು. ರಾಕ್ ಸಂಗೀತವನ್ನು ಕುರಿತು ಮನಸ್ಸಿಟ್ಟು ಬರೆಯುವುದೇ ಅದರ ಉದ್ದೇಶವಾಗಿತ್ತು. ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ‘ರೋಲಿಂಗ್ ಸ್ಟೋನ್’, 1969ರಲ್ಲಿ ಡೆಟ್ರಾಯಿಟ್‌ನಲ್ಲಿ ‘ಕ್ರೀಮ್’ ಹುಟ್ಟಿಕೊಂಡವು. ಅದೇ 1969ರಲ್ಲಿ ರಾಬರ್ಟ್ ಕ್ರಿಸ್ಗೌ ನ್ಯೂಯಾರ್ಕಿನ ‘ವಿಲೇಜ್ ವಾಯ್ಸ್’ ವಾರಪತ್ರಿಕೆಯಲ್ಲಿ ‘ಗ್ರಾಹಕರ ಕೈಪಿಡಿ’ ಎಂಬರ್ಥದ ಅಂಕಣ ಶುರುಮಾಡಿದರು. ಒಂದೊಂದು ಆಲ್ಬಮ್ಮಿಗೆ ಒಂದೊಂದು ಚಿಕ್ಕ ಪ್ಯಾರಾ, ಜೊತೆಗೆ ಶಾಲೆಯ ಮೇಷ್ಟರು ಕೊಡುವಂತೆ ಎ, ಬಿ, ಸಿ ಎಂಬ ದರ್ಜೆ.

ದರ್ಜೆ ಪಡೆದವರಿಗೆ ಇದು ರುಚಿಸದಿದ್ದುದು ಸಹಜ. ಗಾಯಕ ಲೂ ರೀಡ್ 1978ರಲ್ಲಿ ಹೊರತಂದ ಸಭಾ ಕಾರ್ಯಕ್ರಮವೊಂದರ ಧ್ವನಿಮುದ್ರಿಕೆಯಲ್ಲಿ, ವರ್ಷವಿಡೀ ದುಡಿದು ಮಾಡಿದ ಕೆಲಸಕ್ಕೆ ಒಂದು ಅಕ್ಷರ ಬರೆದು ಕೈತೊಳೆದುಕೊಳ್ಳುವ ಈ ಕ್ರಿಸ್ಗೌ ಯಾರು ಎಂಬ ಧಾಟಿಯಲ್ಲಿ ಬೈದದ್ದು ದಾಖಲಾಗಿದೆ. ಕ್ರಿಸ್ಗೌ ಆ ಆಲ್ಬಮ್ಮಿಗೂ ವಿಮರ್ಶೆ ಬರೆದು, ತಮ್ಮ ಹೆಸರನ್ನು ಸರಿಯಾಗಿ ಉಚ್ಚರಿಸಿದ್ದಕ್ಕೆ ರೀಡ್‌ಗೆ ಕೃತಜ್ಞತೆ ಸಲ್ಲಿಸಿ, ‘ಸಿ ಪ್ಲಸ್’ ದರ್ಜೆ ಕೊಟ್ಟರು!

ಹಳೆಯ ಅಳತೆಗೋಲು

ಮೊದಲ ವಿಮರ್ಶೆಗಳು ದಾರಿ ತಪ್ಪುವುದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಮುಖ್ಯವಾದದ್ದು ಅಳತೆಗೋಲಿನ ತೊಡಕು. ಹೊಸದನ್ನು ಅಳೆಯಲು ವಿಮರ್ಶಕನ ಕೈಯಲ್ಲಿರುವುದು ನಿನ್ನೆಯ ಕೋಲು ಮಾತ್ರ. 1969ರ ಜನವರಿಯಲ್ಲಿ ಲೆಡ್ ಜೆಪೆಲಿನ್ ತಂಡದ ಮೊದಲ ಆಲ್ಬಮ್ ಹೊರಬಂತು. ಮಾರ್ಚಿನಲ್ಲಿ ‘ರೋಲಿಂಗ್ ಸ್ಟೋನ್’ಗೆ ಅದರ ವಿಮರ್ಶೆ ಬರೆದ ಜಾನ್ ಮೆಂಡೆಲ್ಸನ್, ಜೆಫ್ ಬೆಕ್ ತಂಡ ಆಗಲೇ ಮಾಡಿಟ್ಟಿದ್ದನ್ನು ಇವರು ಮತ್ತೆ ಮಾಡುತ್ತಿದ್ದಾರೆ, ಅದೂ ಅಷ್ಟು ಚೆನ್ನಾಗಿಲ್ಲ ಎಂಬ ತೀರ್ಮಾನಕ್ಕೆ ಬಂದರು. ಮುಂದಿನ ವರ್ಷ ಬ್ಲ್ಯಾಕ್ ಸಬ್ಬಾತ್ ತಂಡದ ಮೊದಲ ಆಲ್ಬಮ್ಮಿಗೂ ಇದೇ ಗತಿ. ಇದು ‘ಕ್ರೀಮ್’ ಎಂಬ ಹಳೆಯ ತಂಡದ ಕಳಪೆ ಅನುಕರಣೆ ಎಂಬ ಧಾಟಿಯಲ್ಲಿ ಲೆಸ್ಟರ್ ಬ್ಯಾಂಗ್ಸ್ ಬರೆದರು.

ಎರಡು ಹೋಲಿಕೆಗಳೂ ಅಂದಿನ ಮಟ್ಟಿಗೆ ಅಸಂಗತವೇನಲ್ಲ. ಈ ತಂಡಗಳು ಬ್ಲೂಸ್ ಸಂಗೀತದ ಬೇರಿನಿಂದಲೇ ಬಂದವು. ಆದರೆ ಆ ಬೇರಿನಿಂದ ‘ಹೆವಿ ಮೆಟಲ್’ ಎಂಬ ಬೇರೆಯೇ ಮರ ಮೇಲೇಳಲಿದೆ ಎಂಬುದು 1970ರಲ್ಲಿ ಯಾರಿಗೆ ಕಂಡೀತು? ಹಳೆಯ ತಂಡದಂತೆ ಇಲ್ಲದಿದ್ದುದು ವಿಮರ್ಶಕರಿಗೆ ಕೊರತೆಯಾಗಿ ಕೇಳಿಸಿತು. ಆ ಕೊರತೆಯೇ ಹೊಸ ಪ್ರಕಾರದ ಗುಣವೆಂದು ತಿಳಿಯಲು ಇನ್ನೂ ಹತ್ತು ತಂಡಗಳು ಅದೇ ಹಾದಿಯಲ್ಲಿ ನಡೆಯಬೇಕಾಯಿತು.

ಎರಡನೆಯ ಕಾರಣ ನಿರೀಕ್ಷೆ. 1970ರ ಜೂನ್‌ನಲ್ಲಿ ಬಾಬ್ ಡಿಲನ್ ಅವರ ‘ಸೆಲ್ಫ್ ಪೋರ್ಟ್ರೇಟ್’ ಜೋಡಿ ಆಲ್ಬಮ್ ಬಂತು. ಒಂದು ಪೀಳಿಗೆಯ ದನಿ ಎನಿಸಿಕೊಂಡಿದ್ದವರು ಇಲ್ಲಿ ಪರರ ಹಾಡುಗಳನ್ನೂ ಹಳೆಯ ಜನಪ್ರಿಯ ಮಟ್ಟುಗಳನ್ನೂ ಹಾಡಿಕೊಂಡು ಕುಳಿತಿದ್ದರು. ‘ರೋಲಿಂಗ್ ಸ್ಟೋನ್’ನಲ್ಲಿ ಗ್ರೀಲ್ ಮಾರ್ಕಸ್ ಬರೆದ ದೀರ್ಘ ವಿಮರ್ಶೆ ಆರಂಭವಾದದ್ದೇ ಮನೆಮಂದಿಯ ಮುಂದೆ ಆಡಲಾಗದ ಒಂದು ಬೈಗುಳದ ಪ್ರಶ್ನೆಯಿಂದ. ರಾಕ್ ವಿಮರ್ಶೆಯ ಇತಿಹಾಸದಲ್ಲಿ ಅಷ್ಟು ಪ್ರಸಿದ್ಧವಾದ ಮೊದಲ ಸಾಲು ಇನ್ನೊಂದಿಲ್ಲ. ತಮ್ಮ ಮೇಲೆ ಜನ ಹೇರಿದ್ದ ಪ್ರವಾದಿಯ ಪಟ್ಟವನ್ನು ಕಳಚಿಕೊಳ್ಳಲೆಂದೇ ಹಾಗೆ ಹಾಡಿದ್ದಾಗಿ ಡಿಲನ್ ಮುಂದೆ ಹೇಳಿದರು. 2013ರಲ್ಲಿ ಆ ಕಾಲದ ಅಪ್ರಕಟಿತ ಧ್ವನಿಮುದ್ರಣಗಳನ್ನು ಸೇರಿಸಿ ಒಂದು ಹೊಸ ಸಂಗ್ರಹ ಹೊರಬಂತು. ಅದಕ್ಕೆ ಪ್ರಬಂಧ ಬರೆದುಕೊಟ್ಟವರು ಬೇರಾರೂ ಅಲ್ಲ, ಅದೇ ಗ್ರೀಲ್ ಮಾರ್ಕಸ್. ನಲವತ್ತಮೂರು ವರ್ಷಗಳ ಹಿಂದೆ ಜಗಳವಾಡಿದವರನ್ನೇ ಕರೆದು ಬರೆಸುವುದರಲ್ಲಿ ಎರಡು ಕಡೆಯ ದೊಡ್ಡತನವೂ ಇದೆ. ಆ ಜಗಳ ಪ್ರಾಮಾಣಿಕವಾಗಿತ್ತು ಎಂಬುದಕ್ಕೂ ಇದು ಸಾಕ್ಷಿ.

ಮೂರನೆಯದು ಸಮಯದ ಅಭಾವ. ರೇಡಿಯೊಹೆಡ್ ತಂಡ 2000ದ ಅಕ್ಟೋಬರ್‌ನಲ್ಲಿ ‘ಕಿಡ್ ಎ’ ಹೊರತಂದಾಗ ವಿಮರ್ಶಕರಿಗೆ ಮುಂಗಡ ಪ್ರತಿಗಳನ್ನು ಹಂಚಲಿಲ್ಲ. ಗೊತ್ತುಮಾಡಿದ ಜಾಗದಲ್ಲಿ ಕೂರಿಸಿ ಕೇಳಿಸಿದರು. ಗಿಟಾರುಗಳನ್ನು ಬಹುಮಟ್ಟಿಗೆ ಬದಿಗಿಟ್ಟು ವಿದ್ಯುನ್ಮಾನ ನಾದಗಳಿಂದ ಕಟ್ಟಿದ ಆಲ್ಬಮ್ ಅದು. ಬ್ರಿಟನ್ನಿನ ‘ಮೆಲೊಡಿ ಮೇಕರ್’ ಐದಕ್ಕೆ ಒಂದೂವರೆ ಅಂಕ ಕೊಟ್ಟಿತು. ಕಾದಂಬರಿಕಾರ ನಿಕ್ ಹಾರ್ನ್‌ಬಿ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ, ಇದನ್ನು ಅರಗಿಸಿಕೊಳ್ಳಲು ಬೇಕಾದ ಪುರುಸೊತ್ತು ಹದಿನಾರರ ಹುಡುಗರಿಗೆ ಇದ್ದೀತೇ ಹೊರತು ದುಡಿದು ದಣಿದು ಮನೆಗೆ ಬರುವವರಿಗೆ ಇಲ್ಲ ಎಂಬ ವಾದ ಹೂಡಿದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ‘ರೋಲಿಂಗ್ ಸ್ಟೋನ್’, ‘ಪಿಚ್‌ಫೋರ್ಕ್’ ಹಾಗೂ ಲಂಡನ್ನಿನ ‘ಟೈಮ್ಸ್’ ಮೂರೂ ಅದನ್ನೇ ಆ ದಶಕದ ಅತ್ಯುತ್ತಮ ಆಲ್ಬಮ್ ಎಂದು ಸಾರಿದವು. ಹಾರ್ನ್‌ಬಿ ಹೇಳಿದ್ದರಲ್ಲೂ ಸತ್ಯವಿಲ್ಲದಿಲ್ಲ. ಆ ಸಂಗೀತಕ್ಕೆ ಪುರುಸೊತ್ತು ಬೇಕಿತ್ತು. ಅದು ಇದ್ದವರು ಕ್ರಮೇಣ ಅದರ ರುಚಿ ಕಂಡುಕೊಂಡರು.

ಹೊಗಳಿಕೆಯೂ ತಪ್ಪಬಹುದು

ತೆಗಳಿಕೆಯ ತಪ್ಪುಗಳು ಎದ್ದು ಕಾಣುತ್ತವೆ. ಹೊಗಳಿಕೆಯ ತಪ್ಪುಗಳನ್ನು ಜನ ಬೇಗ ಮರೆಯುತ್ತಾರೆ. 1995ರಲ್ಲಿ ಇಂಗ್ಲೆಂಡಿನ ಒಯಾಸಿಸ್ ತಂಡದ ಎರಡನೆಯ ಆಲ್ಬಮ್ ಬಂದಾಗ ಅನೇಕ ವಿಮರ್ಶಕರು ಮುಖ ಸಿಂಡರಿಸಿದರು. ಜನ ಅದನ್ನು ಲಕ್ಷಗಟ್ಟಲೆ ಕೊಂಡುಕೊಂಡರು. ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಮ್ಮುಗಳ ಸಾಲಿಗೆ ಅದು ಸೇರಿತು. ವಿಮರ್ಶಕರಿಗೆ ಮುಖಭಂಗ. 1997ರ ಆಗಸ್ಟ್ 21ರಂದು ಮೂರನೆಯ ಆಲ್ಬಮ್ ‘ಬಿ ಹಿಯರ್ ನೌ’ ಬಂದಾಗ ಅವರೆಲ್ಲ ಹಿಂದಿನ ತಪ್ಪನ್ನು ತಿದ್ದಿಕೊಳ್ಳುವ ಅವಸರದಲ್ಲಿದ್ದರು. ಪತ್ರಿಕೆಗಳಲ್ಲಿ ಹೊಗಳಿಕೆಯ ಮಳೆ ಸುರಿಯಿತು. ‘ಕ್ಯೂ’ ಮಾಸಪತ್ರಿಕೆ ಐದಕ್ಕೆ ಐದು ನಕ್ಷತ್ರ ಕೊಟ್ಟಿತು. ಮೊದಲ ದಿನವೇ ಬ್ರಿಟನ್ನಿನಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾದವು. ಕೆಲವೇ ತಿಂಗಳುಗಳಲ್ಲಿ ಕೇಳುಗರ ಉತ್ಸಾಹ ಇಳಿಯಿತು. ಹಾಡುಗಳು ಅನಗತ್ಯವಾಗಿ ಉದ್ದ, ಒಂದರ ಮೇಲೊಂದು ಪೇರಿಸಿದ ಗಿಟಾರುಗಳ ಗದ್ದಲ ಎಂಬ ಮಾತು ಎಲ್ಲೆಡೆ ಕೇಳಿಬಂತು. ಹಾಡುಗಳನ್ನು ಬರೆದ ನೋಯಲ್ ಗ್ಯಾಲಗರ್ ಅವರೇ ಮುಂದೆ ಅದನ್ನು ಹಳಿದರು.

ಇಲ್ಲಿ ನಡೆದದ್ದೇನು? ವಿಮರ್ಶಕರು ಹೊಸ ಆಲ್ಬಮ್ಮನ್ನು ಕೇಳುವ ಬದಲು ಹಳೆಯ ಆಲ್ಬಮ್ಮಿನ ಮಾರಾಟದ ಲೆಕ್ಕವನ್ನು ಕೇಳಿದರು. ಗೋಲ್ಡ್‌ಸ್ಟೀನ್ ಎಡವಿದ್ದರೂ ತಮ್ಮ ಕಿವಿಯನ್ನು ನಂಬಿ ಎಡವಿದ್ದರು. 1997ರ ಹೊಗಳಿಕೆಯ ಹಿಂದೆ ಜನರ ಜೊತೆಯಲ್ಲಿ ಇದ್ದುಬಿಡೋಣ ಎಂಬ ಹಂಬಲವಿತ್ತು. ಎರಡೂ ತಪ್ಪೇ ಇರಬಹುದು. ಆದರೆ ಮೊದಲನೆಯದರಿಂದ ಓದುಗನಿಗೆ ಕೇಳುವ ಒಂದು ಬಗೆ ದಕ್ಕುತ್ತದೆ, ಎರಡನೆಯದರಿಂದ ಏನೂ ದಕ್ಕುವುದಿಲ್ಲ.

ಬಲಿಷ್ಠರಿಗೆ ತಟ್ಟದ ಏಟು

ವಿಮರ್ಶೆಯಿಂದ ಮಾರಾಟ ಏರುತ್ತದೆಯೇ, ಇಳಿಯುತ್ತದೆಯೇ ಎಂಬ ಚರ್ಚೆ ಹಳೆಯದು. ದೊಡ್ಡವರಿಗೆ ಅದರ ಏಟು ತಟ್ಟುವುದು ಕಡಿಮೆ. ವಿಮರ್ಶಕರಿಂದ ಬೇಸತ್ತ ಲೆಡ್ ಜೆಪೆಲಿನ್ 1971ರಲ್ಲಿ ತನ್ನ ನಾಲ್ಕನೆಯ ಆಲ್ಬಮ್ಮಿನ ಹೊದಿಕೆಯ ಮೇಲೆ ಶೀರ್ಷಿಕೆಯನ್ನಾಗಲೀ ತಂಡದ ಹೆಸರನ್ನಾಗಲೀ ಅಚ್ಚು ಹಾಕಿಸಲಿಲ್ಲ. ಸಂಗೀತವೇ ಮಾತಾಡಲಿ ಎಂಬುದು ಅವರ ಪಂಥ. ಹೆಸರಿಲ್ಲದ ಆ ತಟ್ಟೆ ಅಮೆರಿಕ ಒಂದರಲ್ಲೇ ಎರಡು ಕೋಟಿಗೂ ಮಿಕ್ಕಿ ಖರ್ಚಾಗಿದೆ. 1991ರ ಸೆಪ್ಟೆಂಬರ್‌ನಲ್ಲಿ ಬಂದ ನಿರ್ವಾಣ ತಂಡದ ‘ನೆವರ್‌ಮೈಂಡ್’ಗೆ ‘ರೋಲಿಂಗ್ ಸ್ಟೋನ್’ ಕೊಟ್ಟದ್ದು ಐದರಲ್ಲಿ ಮೂರೇ ನಕ್ಷತ್ರ. ಅಮೆರಿಕದ ಅಂಗಡಿಗಳಿಗೆ ಮೊದಲು ಕಳಿಸಿದ್ದು ಐವತ್ತು ಸಾವಿರಕ್ಕಿಂತ ಕಡಿಮೆ ಪ್ರತಿ. 1992ರ ಜನವರಿಯಲ್ಲಿ ಅದು ಮೈಕೇಲ್ ಜಾಕ್ಸನ್ ಅವರ ಆಲ್ಬಮ್ಮನ್ನು ಕೆಳಗಿಳಿಸಿ ಮಾರಾಟದ ಪಟ್ಟಿಯ ತುದಿಗೇರಿತು.

ಏಟು ನಿಜವಾಗಿ ಬೀಳುವುದು ಚಿಕ್ಕವರಿಗೆ. ‘ಪಿಚ್‌ಫೋರ್ಕ್’ 1996ರಲ್ಲಿ ಆರಂಭವಾದ, ಅಂತರ್ಜಾಲದಲ್ಲೇ ಬೆಳೆದ ಪತ್ರಿಕೆ. ಹತ್ತಕ್ಕೆ ಇಂತಿಷ್ಟು ಎಂದು ದಶಮಾಂಶದ ಲೆಕ್ಕದಲ್ಲಿ ಅಂಕ ಕೊಡುವುದು ಅದರ ಪದ್ಧತಿ. 2004ರಲ್ಲಿ ಕೆನಡಾದ ಆರ್ಕೇಡ್ ಫೈರ್ ಎಂಬ ಹೊಸ ತಂಡದ ‘ಫ್ಯೂನರಲ್’ ಆಲ್ಬಮ್ಮಿಗೆ ಅದು 9.7 ಕೊಟ್ಟಿತು. ಸಣ್ಣ ಕಂಪೆನಿಯೊಂದು ಹೊರತಂದಿದ್ದ ಆ ಆಲ್ಬಮ್ಮಿನ ಪ್ರತಿಗಳು ನೋಡುನೋಡುತ್ತಿದ್ದಂತೆ ಮುಗಿದುಹೋದವು. ಅದೇ ವರ್ಷ ಟ್ರಾವಿಸ್ ಮಾರಿಸನ್ ಎಂಬ ಗಾಯಕನ ‘ಟ್ರಾವಿಸ್ತಾನ್’ಗೆ ಸಿಕ್ಕಿದ್ದು 0.0. ಆಸಕ್ತಿ ತೋರಿದ್ದ ಕಾಲೇಜು ರೇಡಿಯೊ ಕೇಂದ್ರಗಳು ಹಿಂದೆ ಸರಿದವು. ಅವರ ಏಕವ್ಯಕ್ತಿ ಗಾಯನದ ಬದುಕು ಮತ್ತೆ ಚೇತರಿಸಿಕೊಳ್ಳಲಿಲ್ಲ. ಲೆಡ್ ಜೆಪೆಲಿನ್‌ಗೆ ಕೋಪ ತರಿಸಿದ್ದಷ್ಟೇ ವಿಮರ್ಶೆಯ ಶಕ್ತಿ. ಹೆಸರಿಲ್ಲದ ಗಾಯಕನಿಗೆ ಅದೇ ಅನ್ನದ ಪ್ರಶ್ನೆ. ವಿಮರ್ಶಕನ ಜವಾಬ್ದಾರಿಯ ಭಾರ ಇರುವುದು ಇಲ್ಲಿ.

ಮಾತು ಹಿಂತೆಗೆದುಕೊಂಡವರು

ಒಳ್ಳೆಯ ವಿಮರ್ಶಕರು ಮರಳಿ ಕೇಳಲು ಹೇಸಲಿಲ್ಲ ಎಂಬುದು ಸಮಾಧಾನದ ಸಂಗತಿ. ಬ್ಲ್ಯಾಕ್ ಸಬ್ಬಾತ್ ತಂಡವನ್ನು ಜರೆದಿದ್ದ ಲೆಸ್ಟರ್ ಬ್ಯಾಂಗ್ಸ್ ಎರಡೇ ವರ್ಷಗಳಲ್ಲಿ ಅದರ ಪರವಾಗಿ ದೀರ್ಘ ಲೇಖನ ಬರೆದರು. ರೋಲಿಂಗ್ ಸ್ಟೋನ್ಸ್ ತಂಡದ 1972ರ ‘ಎಕ್ಸೈಲ್ ಆನ್ ಮೇನ್ ಸ್ಟ್ರೀಟ್’ ವಿಷಯದಲ್ಲೂ ಹಾಗೆಯೇ: ಮೊದಲು ಬೈದು, ಮತ್ತೆ ಮತ್ತೆ ಕೇಳಿ, ತಮ್ಮ ತೀರ್ಪನ್ನು ಬಹಿರಂಗವಾಗಿ ಬದಲಿಸಿದರು. 2021ರಲ್ಲಿ ‘ಪಿಚ್‌ಫೋರ್ಕ್’ ಒಂದೇ ಬಾರಿಗೆ ಹತ್ತೊಂಬತ್ತು ಆಲ್ಬಮ್ಮುಗಳ ಅಂಕಗಳನ್ನು ತಿದ್ದಿತು. 2003ರಲ್ಲಿ 0.0 ಪಡೆದಿದ್ದ ಗಾಯಕಿ ಲಿಜ್ ಫೇರ್ ಅವರ ಆಲ್ಬಮ್ಮಿಗೆ ಈಗ 6.0 ದೊರೆಯಿತು. ಆ ಸೊನ್ನೆ ಕೊಟ್ಟಿದ್ದ ವಿಮರ್ಶಕ ಅದಕ್ಕೂ ಎರಡು ವರ್ಷ ಮೊದಲೇ ಸಾರ್ವಜನಿಕವಾಗಿ ಕ್ಷಮೆ ಕೇಳಿದ್ದರು.

ಹಾಗೆಂದು ತಡವಾಗಿ ಬಂದ ತೀರ್ಪೇ ಅಂತಿಮವೆಂದು ಭಾವಿಸಬೇಕಾಗಿಲ್ಲ. ‘ರೋಲಿಂಗ್ ಸ್ಟೋನ್’ 2003ರಲ್ಲಿ ಪ್ರಕಟಿಸಿದ ಸಾರ್ವಕಾಲಿಕ ಶ್ರೇಷ್ಠ ಐನೂರು ಆಲ್ಬಮ್ಮುಗಳ ಪಟ್ಟಿಯಲ್ಲಿ ಮೊದಲನೆಯ ಸ್ಥಾನ ‘ಸಾರ್ಜೆಂಟ್ ಪೆಪ್ಪರ್’ಗೆ. 2020ರಲ್ಲಿ ಹೊಸದಾಗಿ ಪಟ್ಟಿ ಮಾಡಿದಾಗ ಅದು 24ಕ್ಕೆ ಇಳಿದಿತ್ತು. ಮೊದಲ ಸ್ಥಾನಕ್ಕೆ ಮಾರ್ವಿನ್ ಗೇ ಅವರ 1971ರ ‘ವಾಟ್ಸ್ ಗೋಯಿಂಗ್ ಆನ್’ ಬಂದಿತ್ತು. ಚಮತ್ಕಾರ ಹೆಚ್ಚು, ಹುರುಳು ಕಡಿಮೆ ಎಂಬ ಗೋಲ್ಡ್‌ಸ್ಟೀನ್ ದೂರನ್ನು ಇಂದು ಯಾರಾದರೂ ಮಾಡಿದರೆ ಪತ್ರಗಳ ರಾಶಿ ಬೀಳಲಿಕ್ಕಿಲ್ಲ. ಅಳತೆಗೋಲು ಕಾಲಕಾಲಕ್ಕೆ ಬದಲಾಗುತ್ತಲೇ ಇರುತ್ತದೆ.

ಹಣದ ಒತ್ತಡ, ಅಭಿಮಾನಿಗಳ ಭಯ

ಪ್ರಾಮಾಣಿಕವಾಗಿ ಬರೆಯುವುದು ಎಂದೂ ಸುಲಭವಾಗಿರಲಿಲ್ಲ. ಸಂಗೀತ ಪತ್ರಿಕೆಗಳಿಗೆ ಜಾಹೀರಾತು ಕೊಡುವವರು ಧ್ವನಿಮುದ್ರಿಕೆಯ ಕಂಪೆನಿಗಳೇ. ಸಂಗೀತಗಾರರಿಗೆ ಗೌರವ ತೋರುವುದಿಲ್ಲವೆಂದು 1973ರಲ್ಲಿ ‘ರೋಲಿಂಗ್ ಸ್ಟೋನ್’ ಲೆಸ್ಟರ್ ಬ್ಯಾಂಗ್ಸ್‌ರಿಂದ ಬರೆಸುವುದನ್ನೇ ನಿಲ್ಲಿಸಿತು. 1996ರಲ್ಲಿ ಅದೇ ಪತ್ರಿಕೆಯ ಜಿಮ್ ಡಿರೊಗಾಟಿಸ್, ಆಗ ಅತ್ಯಂತ ಜನಪ್ರಿಯವಾಗಿದ್ದ ಹೂಟಿ ಆ್ಯಂಡ್ ದ ಬ್ಲೋಫಿಶ್ ತಂಡದ ಹೊಸ ಆಲ್ಬಮ್ಮನ್ನು ಟೀಕಿಸಿ ಬರೆದ ವಿಮರ್ಶೆ ಅಚ್ಚಾಗಲಿಲ್ಲ. ಬದಲಿಗೆ ಮೆಚ್ಚುಗೆಯ ಇನ್ನೊಂದು ವಿಮರ್ಶೆ ಬಂತು. ಈ ಬಗ್ಗೆ ಬೇರೊಂದು ಪತ್ರಿಕೆಯೊಡನೆ ಮಾತಾಡಿದ ಡಿರೊಗಾಟಿಸ್ ಕೆಲಸ ಕಳೆದುಕೊಂಡರು.

ಈಗಿನ ಒತ್ತಡ ಬೇರೆ ಬಗೆಯದು. 2013ರ ಡಿಸೆಂಬರ್‌ನಲ್ಲಿ ಬಿಯಾನ್ಸೆ ಯಾವ ಮುನ್ಸೂಚನೆಯೂ ಇಲ್ಲದೆ ಒಂದು ಇಡೀ ಆಲ್ಬಮ್ಮನ್ನು ರಾತ್ರೋರಾತ್ರಿ ಬಿಡುಗಡೆ ಮಾಡಿದರು. ವಿಮರ್ಶಕರು ಕೇಳುವ ಗಳಿಗೆಯಲ್ಲೇ ಲಕ್ಷಾಂತರ ಜನರೂ ಕೇಳುತ್ತಿದ್ದರು. 2024ರ ಏಪ್ರಿಲ್ 19ರಂದು ಟೇಲರ್ ಸ್ವಿಫ್ಟ್ ಅವರ ‘ದ ಟಾರ್ಚರ್ಡ್ ಪೊಯೆಟ್ಸ್ ಡಿಪಾರ್ಟ್‌ಮೆಂಟ್’ ಬಂತು. ಮಧ್ಯರಾತ್ರಿ ಹದಿನಾರು ಹಾಡು, ಎರಡು ಗಂಟೆ ಕಳೆದ ಮೇಲೆ ಮತ್ತೆ ಹದಿನೈದು. ಒಟ್ಟು ಎರಡು ಗಂಟೆಗೂ ಮಿಕ್ಕಿದ ಸಂಗೀತ. ಅದೇ ದಿನವೇ ವಿಮರ್ಶೆಗಳು ಬರತೊಡಗಿದವು. ಟೀಕಿಸಿ ಬರೆದ ‘ಪೇಸ್ಟ್’ ಪತ್ರಿಕೆ ಲೇಖಕರ ಹೆಸರನ್ನೇ ಹಾಕಲಿಲ್ಲ. 2019ರಲ್ಲಿ ಸ್ವಿಫ್ಟ್ ಅವರ ಹಿಂದಿನ ಆಲ್ಬಮ್ಮೊಂದನ್ನು ವಿಮರ್ಶಿಸಿದ್ದ ಲೇಖಕರಿಗೆ ಬೆದರಿಕೆಗಳು ಬಂದಿದ್ದವೆಂದೂ, ಬರೆದವರ ಸುರಕ್ಷೆಗಾಗಿ ಹೀಗೆ ಮಾಡಬೇಕಾಯಿತೆಂದೂ ಅದು ವಿವರಣೆ ಕೊಟ್ಟಿತು. ಮೊದಲ ವಾರ ಅಮೆರಿಕದಲ್ಲಿ 26 ಲಕ್ಷಕ್ಕೂ ಹೆಚ್ಚು ಪ್ರತಿಗಳಿಗೆ ಸಮನಾದ ವ್ಯವಹಾರ ಮಾಡಿದ ಆಲ್ಬಮ್ಮಿಗೆ ಆ ಒಂದು ವಿಮರ್ಶೆಯಿಂದ ಕೂದಲೂ ಕೊಂಕಲಿಲ್ಲ. 1967ರಲ್ಲಿ ಓದುಗರು ಕೋಪಗೊಂಡು ಪತ್ರ ಬರೆದರು, ಗೋಲ್ಡ್‌ಸ್ಟೀನ್ ತಮ್ಮ ನಿಲುವನ್ನು ಮತ್ತೊಂದು ಲೇಖನದಲ್ಲಿ ಸಮರ್ಥಿಸಿಕೊಂಡರು. ಅದು ವಾದ. ಹೆಸರು ಮುಚ್ಚಿಟ್ಟು ಬರೆಯಬೇಕಾದ ಸ್ಥಿತಿಯಲ್ಲಿ ವಾದಕ್ಕೆ ಎಡೆಯಿಲ್ಲ.

ಮೊದಲ ವಿಮರ್ಶೆಯನ್ನು ಭವಿಷ್ಯವಾಣಿಯೆಂದು ಓದಿದರೆ ಅದು ಮತ್ತೆ ಮತ್ತೆ ಸುಳ್ಳಾಗುತ್ತದೆ. ಸಾಕ್ಷ್ಯವೆಂದು ಓದಿದರೆ ಅದರ ಬೆಲೆ ತಿಳಿಯುತ್ತದೆ. ಇಂದು ‘ಸಾರ್ಜೆಂಟ್ ಪೆಪ್ಪರ್’ ಕೇಳುವವರು ಅದರ ಅರ್ಧ ಶತಮಾನದ ಕೀರ್ತಿಯನ್ನೂ ಜೊತೆಗೇ ಕೇಳುತ್ತಾರೆ. ಜಾರ್ಜ್ ಹ್ಯಾರಿಸನ್ ಹಾಡಿರುವ, ದಿಲ್ರುಬಾ ತಬಲಾ ತಂಬೂರಿಗಳ ಆ ಒಂದು ಹಾಡು 1967ರ ಅಮೆರಿಕದ ಕಿವಿಗೆ ಎಷ್ಟು ವಿಚಿತ್ರವಾಗಿ ಕೇಳಿಸಿರಬಹುದೆಂದು ಊಹಿಸುವುದೂ ಅವರಿಗೆ ಕಷ್ಟ. ಆ ವಿಚಿತ್ರವನ್ನು, ಆ ದಿಗ್ಭ್ರಮೆಯನ್ನು, ಆ ಕಿರಿಕಿರಿಯನ್ನು ಬಿಸಿ ಆರುವ ಮುನ್ನ ಬರೆದಿಟ್ಟವರು ಮೊದಲ ವಿಮರ್ಶಕರು ಮಾತ್ರ. ಆದ್ದರಿಂದ ವಿಮರ್ಶೆ ಓದುವಾಗ ಅಂಕವನ್ನೂ ನಕ್ಷತ್ರವನ್ನೂ ಕೊನೆಯಲ್ಲಿ ನೋಡುವುದು ಒಳ್ಳೆಯದು. ಬರೆದವರು ಏನನ್ನು ಕೇಳಿಸಿಕೊಂಡರು, ಯಾವುದಕ್ಕೆ ಹೋಲಿಸಿದರು, ಎಲ್ಲಿ ತಡವರಿಸಿದರು ಎಂಬುದನ್ನು ಮೊದಲು ಗಮನಿಸಬೇಕು. ತಪ್ಪು ತೀರ್ಪನ್ನು ತಿದ್ದಲು ಎರಡನೆಯ ಕೇಳ್ಮೆ ಇದೆ, ಹತ್ತನೆಯ ಕೇಳ್ಮೆಯೂ ಇದೆ. ಅನ್ನಿಸಿದ್ದನ್ನು ಹೇಳುವ ಧೈರ್ಯವೇ ಹೋದರೆ ತಿದ್ದುವುದಕ್ಕೂ ಏನೂ ಉಳಿಯುವುದಿಲ್ಲ.